ದೊಡ್ಡೂರು: ನೋಡಿ, ಗುಡ್ಡದ ಮೇಲೆ

ಸೋಮವಾರ,
ಟ್ಯೂಬು ಮಲಗಿರುವ ಹೊತ್ತು

ನನ್ನ ಮೇಲೆ ಇನ್ನೂ ಮುಖ ಊದಿಸಿಕೊಂಡು ಕೂತಿರುವ ಅತ್ತೆಗೆ ಸೊಸೆಯ ನಮಸ್ಕಾರಗಳು.

ಮೊದಲು ವೆಲ್ಡಿಂಗಣ್ಣನಿಗೆ ಒಂದು ಮಾತು. ಅಣ್ಣಾ, ಅತ್ತೆಗೆ ಬರುವ ಕಾಗದವನ್ನೆಲ್ಲ ನೀವು ಪಂಚರ್ ಅಂಗಡಿಯ ಬೆಂಚಿನ ಮೇಲೆ ಕೂತು ಇಡೀ ಗುಡ್ಡಕ್ಕೆ ಕೇಳುವ ಹಾಗೆ ಓದುತ್ತೀರಿ ಎಂದು ನನಗೆ ಗೊತ್ತು. ಅತ್ತೆಗೆ ಓದಲು ಬರುತ್ತದೆ, ಕನ್ನಡಕವೂ ಇದೆ. ಆದರೆ ಆ ಕನ್ನಡಕ ಬೇಕೆಂದಾಗ ಸಿಕ್ಕಿದ್ದನ್ನು ಕಂಡವರಿಲ್ಲ. ಆದ್ದರಿಂದ ಧಾರಾಳವಾಗಿ ಓದಿ. ನಾನು ಎಲ್ಲಿ ನಿಲ್ಲಿಸಿ ಎನ್ನುತ್ತೇನೋ ಅಲ್ಲಿ ಮಾತ್ರ ದಯವಿಟ್ಟು ನಿಲ್ಲಿಸಬೇಕು.

ಅತ್ತೆ, ಮಗು ಚೆನ್ನಾಗಿದ್ದಾಳೆ. ಅವಳ ತೋಳಿನ ಮಡಿಕೆ ನೋಡಿ "ಲಾರಿ ಟ್ಯೂಬ್ ಇದ್ದ ಹಾಗಿದಾಳೆ" ಎಂದು ನೀವು ಹೆಸರಿಟ್ಟಾಗ ನಾನು ದಿನವಿಡೀ ನಿಮ್ಮ ಹತ್ತಿರ ಮಾತಾಡಿರಲಿಲ್ಲ. ಈಗ ನೋಡಿದರೆ ನನ್ನ ಬಾಯಲ್ಲೂ ಅದೇ. ಡಾಕ್ಟರ ಎದುರು ಕೂಡ "ಟ್ಯೂಬಿಗೆ ಸ್ವಲ್ಪ ನೆಗಡಿ" ಎಂದುಬಿಟ್ಟೆ. ಅವರು ಗಾಬರಿಯಾಗಿ ಯಾವ ಟ್ಯೂಬು ಎಂದು ಕೇಳಿದರು. ಹಲ್ಲು ಬರುವ ಲಕ್ಷಣ ಕಾಣುತ್ತಿದೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ನಿನ್ನೆ ನಿಮ್ಮ ಮಗ ಲಿಫ್ಟ್ ರಿಪೇರಿಯಿಂದ ಬಂದು ಚೀಲ ಕೆಳಗಿಟ್ಟಿದ್ದೇ ತಡ, ಅದರೊಳಗಿನ ಸ್ಪ್ಯಾನರ್ ಎಳೆದು ಚೀಪತೊಡಗಿದಳು. ನಾನು ಕಿರುಚಿದೆ. ಅವರು ನಕ್ಕು "ನಮ್ಮಮ್ಮನ ಮೊಮ್ಮಗಳಲ್ವಾ" ಎಂದರು. ಈಗ ಆ ಸ್ಪ್ಯಾನರನ್ನು ಕುದಿಸಿ ಆಟದ ಸಾಮಾನಿನ ಬುಟ್ಟಿಯಲ್ಲಿ ಇಟ್ಟಿದ್ದೇನೆ.

ನನ್ನ ನಿದ್ದೆಯ ವಿಷಯ ಕೇಳಬೇಡಿ. ಅವಳು ಅತ್ತರೆ ಯಾಕೆ ಅಳುತ್ತಾಳೆ ಎಂದು ಭಯ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಎಂದು ಭಯ. ಮಲಗಿದವಳ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರಾಡುತ್ತಿದ್ದಾಳಾ ಎಂದು ನೋಡುತ್ತೇನೆ. ಬೆರಳು ತಾಗಿ ಎಚ್ಚರವಾಗಿ ಅಳುತ್ತಾಳೆ. ಸದ್ಯ ಉಸಿರಾಡುತ್ತಿದ್ದಾಳೆ ಎಂದು ಸಮಾಧಾನವಾಗುತ್ತದೆ. ಆಮೇಲೆ ಮತ್ತೆ ಮಲಗಿಸುವ ಕೆಲಸ. ಇದು ಹುಚ್ಚು ಎಂದು ನನಗೂ ಗೊತ್ತು. ಓದಿದ ಹುಚ್ಚು, ಅದಕ್ಕೇ ಬಿಡುವುದಿಲ್ಲ.

ಒಂದು ಸುದ್ದಿ ಇದೆ. ಅದನ್ನು ಮೊದಲೇ ಹೇಳಿದರೆ ನೀವು ಉಳಿದದ್ದನ್ನು ಓದಿಸದೆ ಕಾಗದ ಮಡಚಿ ಟೈರಿನ ಒಳಗೆ ಸಿಕ್ಕಿಸುತ್ತೀರಿ. ಹಾಗಾಗಿ ಬುಡದಿಂದ ಹೇಳುತ್ತೇನೆ.

ಆ ದಿನ ಆದದ್ದು ನಿಮಗೂ ನೆನಪಿದೆ, ನನಗೂ ನೆನಪಿದೆ. ಹಾಲು ಕುಡಿಸುವ ಮುಂಚೆ ಒಂದು ಸಲ, ಕುಡಿಸಿದ ಮೇಲೆ ಒಂದು ಸಲ ಅಡುಗೆಮನೆಯ ತಕ್ಕಡಿಯಲ್ಲಿ ಮಗುವನ್ನು ಇಟ್ಟು ನೋಡುತ್ತಿದ್ದೆ. ನೀವು ಬಾಗಿಲಲ್ಲಿ ನಿಂತು, "ಮಗು ಏನು ಈರುಳ್ಳಿನಾ, ಹೊತ್ತುಹೊತ್ತಿಗೆ ತೂಕ ಹಾಕೋಕೆ?" ಎಂದಿರಿ. ನಿದ್ದೆಗೆಟ್ಟ ತಲೆ. "ನಿಮ್ಮೂರಲ್ಲಿ ನಡೆಯೋದೆಲ್ಲ ಇಲ್ಲಿ ನಡೆಯಲ್ಲ ಅತ್ತೆ" ಎಂದೆ. "ಯಾಕೆ, ನಮ್ಮೂರಿಗೇನಾಗಿದೆ?" ಎಂದಿರಿ. ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. "ಅದು ಊರೇ ಅಲ್ಲ ಅತ್ತೆ. ದಾಖಲೆ ಪ್ರಕಾರ ದೊಡ್ಡೂರಿನ ಒಂದು ತುಂಡು ಅಷ್ಟೇ" ಎಂದೆ.

ಬಚ್ಚಲಲ್ಲಿ ನಿಮ್ಮ ಮಗ ಸ್ನಾನ ಮಾಡುತ್ತಿದ್ದರು. ನಲ್ಲಿ ಟಕ್ಕನೆ ನಿಂತಿತು. ನೀವು ಚೀಲ ತುಂಬಿ ಹೊರಟಿರಿ. ಮೆಟ್ಟಿಲ ಮೇಲೆ ತಿರುಗಿ ನಿಂತು, ಮೂರೂ ಮಹಡಿಗೆ ಕೇಳುವ ಹಾಗೆ ಹೇಳಿದಿರಿ: "ನಮ್ಮೂರು ಊರು ಅಂತ ನಿನ್ನ ಪುಸ್ತಕದಲ್ಲಿ ಯಾವತ್ತು ಬರುತ್ತೋ ಅವತ್ತೇ ನಿನ್ನ ಮನೆ ಮೆಟ್ಟಿಲು ಹತ್ತೋದು. ಅಲ್ಲಿವರೆಗೂ ನಾನೂ ಇಲ್ಲ, ನಮ್ಮೂರೂ ಇಲ್ಲ." ಎರಡನೇ ಮಹಡಿಯ ದರ್ಜಿ ಬಾಗಿಲು ತೆರೆದು ನೋಡಿದ. ಅವನಿಗೂ ನೀವು "ನೀನೂ ಬರ್ಕೊ" ಎಂದಿರಂತೆ.

ನಾನು ಆಡಿದ ಮಾತು ದಾಖಲೆ ಪ್ರಕಾರ ಸರಿಯೇ ಇತ್ತು. ಅದನ್ನು ಇವತ್ತಿಗೂ ಹೇಳುತ್ತೇನೆ. ಆದರೆ ನೀವು ಹೋದ ಮೇಲೆ ಕೂತು ಯೋಚಿಸಿದಾಗ, ಯಾರ ಎದುರು ಯಾವ ಊರಿನ ಬಗ್ಗೆ ಆಡಿದೆ ಎಂಬುದು ತಲೆಗೆ ಹತ್ತಿತು. ಮಾವನ ಲಾರಿ ಏರಿನ ನೆತ್ತಿಯಲ್ಲಿ ಕೆಟ್ಟು ನಿಂತದ್ದು, ಬಿಡಿಭಾಗ ಬರುವವರೆಗೆ ಅಂತ ನೀವಿಬ್ಬರೂ ಅದರೊಳಗೇ ಅಡುಗೆ ಮಾಡಿಕೊಂಡು ಇದ್ದದ್ದು, ಬಿಡಿಭಾಗ ಬರಲೇ ಇಲ್ಲದ್ದು, ನಿಮ್ಮ ಮಗ ಆ ಲಾರಿಯಲ್ಲೇ ಹುಟ್ಟಿದ್ದು. ಇದನ್ನೆಲ್ಲ ನನಗೆ ಮದುವೆಯಾದ ಹೊಸತರಲ್ಲೇ ಹೇಳಿದ್ದಿರಿ. ಆ ಊರಿನ ಮೊದಲನೇ ಮನೆಗೆ ಚಕ್ರಗಳಿದ್ದವು. ಅಂಥ ಊರನ್ನು ಹುಟ್ಟಿಸಿದವರ ಎದುರಿಗೇ ಅದು ಊರಲ್ಲ ಎಂದೆ.

ಇನ್ನು ನನ್ನ ಕೆಲಸ. "ಸೊಸೆ ಊರುಗಳನ್ನ ಎಣಿಸ್ತಾಳೆ" ಎಂದು ನೀವು ಗಿರಾಕಿಗಳಿಗೆ ಹೇಳುವುದನ್ನು ಕೇಳಿದ್ದೇನೆ. ಎಣಿಸುವುದಿಲ್ಲ ಅತ್ತೆ. ನಮ್ಮ ವಿಶ್ವಕೋಶದಲ್ಲಿ ದೊಡ್ಡ ಪಟ್ಟಣಗಳನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ನನ್ನ ಪಾಲಿಗೆ ಚಿಕ್ಕ ಊರುಗಳು. ಯಾವ ಊರಿಗೆ ಅದರದೇ ನಮೂದು ಕೊಡಬೇಕು, ಯಾವುದನ್ನು ಪಕ್ಕದ ದೊಡ್ಡ ಊರಿನೊಳಗೆ ಸೇರಿಸಬೇಕು ಎಂದು ಕಡತ ತಯಾರು ಮಾಡಿ ಸಭೆಗೆ ಇಡುವುದು. ಸೇರಿಸಿದ ಊರಿಗೆ ಹೆಸರು ಮಾತ್ರ ಉಳಿಯುತ್ತದೆ. ಅದರ ಮುಂದೆ "ನೋಡಿ" ಎಂದು ಒಂದು ಬಾಣ, ಬಾಣದ ಮುಂದೆ ದೊಡ್ಡ ಊರಿನ ಹೆಸರು. ನೋಡಹೋದವರಿಗೆ ಅಲ್ಲಿ ಇದರ ಬಗ್ಗೆ ಅರ್ಧ ಸಾಲೂ ಸಿಗುವುದಿಲ್ಲ, ಅದು ಬೇರೆ ಮಾತು.

ಕಚೇರಿ ಇರುವುದು ಕಬ್ಬಿಣದ ಸಾಮಾನಿನ ಅಂಗಡಿಯ ಮೇಲೆ. ಕೆಳಗೆ ಮೊಳೆ ತೂಗುವ ಸದ್ದು, ಮೇಲೆ ಊರು ತೂಗುವ ಸದ್ದು. ಮುಖ್ಯ ಸಂಪಾದಕರನ್ನು ಎಲ್ಲರೂ ಬೆನ್ನ ಹಿಂದೆ ಕತ್ತರಿ ಸರ್ ಎನ್ನುತ್ತಾರೆ. ಅವರಿಗೂ ಗೊತ್ತು, ಕೋಪವೇನಿಲ್ಲ. ಅವರು ಮಾಡಿಟ್ಟ ನಿಯಮಗಳಿವೆ. ಒಂದು, ಸರ್ಕಾರದ ಜನಗಣತಿಯಲ್ಲಿ ಆ ಊರಿಗೆ ಪ್ರತ್ಯೇಕ ಸಾಲು ಇರಬೇಕು. ಅದಿಲ್ಲದಿದ್ದರೆ, ಆ ಊರಿನವರಲ್ಲದ, ಅದರಿಂದ ಯಾವ ಲಾಭವೂ ಇಲ್ಲದ ಜನ ಅದು ಪ್ರತ್ಯೇಕ ಊರು ಎಂದು ಎಲ್ಲಾದರೂ ಬರೆದಿರಬೇಕು. ಬಾಯಿಮಾತು ನಡೆಯದು. ಇನ್ನೊಂದು, ಸಂಪಾದಕರ ಸ್ವಂತದವರ ಊರು ಚರ್ಚೆಗೆ ಬಂದರೆ ಆ ಸಂಪಾದಕರು ಎದ್ದು ಹೊರಗೆ ಹೋಗಬೇಕು.

ನಿಮ್ಮೂರಿನ ಕಡತವನ್ನು ನಾನೇ ಸಭೆಗೆ ಇಟ್ಟೆ. ನಿಮಗೋಸ್ಕರ ಅಂದುಕೊಳ್ಳಬೇಡಿ, ಅಕ್ಷರಕ್ರಮದಲ್ಲಿ ಅದರ ಸರದಿ ಬಂದಿತ್ತು. (ಸ್ವಲ್ಪ ಬೇಗ ಬಂದಿತ್ತು.) ಇಟ್ಟ ಮೇಲೆ ಎದ್ದು ಹೊರಗೆ ಹೋದೆ. ಆ ದಿನ ಮಗುವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ, ಟ್ಯೂಬು ನನ್ನ ಸೊಂಟದ ಮೇಲೇ ಇದ್ದಳು. ಸ್ವಂತದವರು ಎನ್ನುವ ನಿಯಮ ಅವಳಿಗೂ ಅನ್ವಯಿಸುತ್ತದಲ್ಲ, ಇಬ್ಬರೂ ಪಡಸಾಲೆಯಲ್ಲಿ ನಿಂತೆವು. ಬಾಗಿಲು ತೆಳು. ಎಲ್ಲ ಕೇಳುತ್ತಿತ್ತು.

ಕಡತ ಮಂಡಿಸಿದವರು ನಕ್ಷೆಯಕ್ಕ. ನಮ್ಮಲ್ಲಿ ಭೂಪಟ ಬಿಡಿಸುವವರು, ಬಲು ನಿಧಾನದವರು. "ಮೂರು ತಿರುವು ಮೇಲೆ ಹತ್ತಿದ್ರೆ ಅಲ್ಲೊಂದು ಜನವಸತಿ ಇದೆ ಸರ್" ಎಂದರು.

"ವಸತಿ ಇದೆ, ಒಪ್ದೆ. ಊರಿದೆಯಾ?" ಎಂದರು ಕತ್ತರಿ ಸರ್.

"ಮನೆಗಳಿವೆ, ಟೀ ಅಂಗಡಿ ಇದೆ, ವೆಲ್ಡಿಂಗ್ ಇದೆ, ಪಂಚರ್ ಹಾಕೋರಿದಾರೆ."

"ಅಮ್ಮಾ, ಬಿಸಿಯಾದ ಲಾರಿ ನಿಲ್ಲೋ ಜಾಗ ಅದು. ಇಂಜಿನ್ ತಣ್ಣಗಾದ್ಮೇಲೆ ಅಲ್ಲಿ ಯಾರು ನಿಲ್ತಾರೆ? ಹೀಗೆ ಎಲ್ರನ್ನೂ ಹತ್ತಿಸ್ಕೊಳ್ಳೋಕೆ ಕೋಶ ಏನು ಬಸ್ಸಾ?"

ನನಗೆ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿ, "ನಿಂತ್ರಲ್ಲ ಸರ್, ನಮ್ಮತ್ತೆ ನಿಂತ್ರು!" ಎಂದು ಕೂಗಬೇಕೆನಿಸಿತು. ನಾನು ಕೂಗಲಿಲ್ಲ, ಟ್ಯೂಬು ಕೂಗಿದಳು. ಅದೆಂಥ ಕೂಗು ಅತ್ತೆ, ಕೆಳಗೆ ಮೊಳೆ ತೂಗುವುದು ನಿಂತುಹೋಯಿತು. ಒಳಗಿನಿಂದ ಕತ್ತರಿ ಸರ್, "ಆ ಆಕ್ಷೇಪಣೆಯನ್ನ ದಾಖಲಿಸ್ಬೇಡಿ, ಅವಳೂ ಸ್ವಂತದವಳೇ" ಎಂದರು. ಎಲ್ಲರೂ ನಕ್ಕರು. ನಕ್ಕು, ನಿಮ್ಮೂರನ್ನು ದೊಡ್ಡೂರಿನೊಳಗೆ ಸೇರಿಸಿದರು. "ಕರಡು ಮರಳಿ ಬರೋವರೆಗೂ ಸಮಯ ಇದೆ. ಹೊರಗಿನವರ ಬರವಣಿಗೆ ಒಂದಾದ್ರೂ ಸಿಕ್ರೆ ತನ್ನಿ, ಮತ್ತೆ ನೋಡೋಣ" ಎಂದರು. ಕಠಿಣ ಮನುಷ್ಯ, ಆದರೆ ಬಾಗಿಲು ಪೂರ್ತಿ ಹಾಕುವುದಿಲ್ಲ.

ಆ ವಾರ ನಾನು ಮಗುವನ್ನು ಎದೆಗೆ ಕಟ್ಟಿಕೊಂಡು ಅಲೆದೆ. ಲಾರಿ ನಿಲ್ದಾಣಕ್ಕೆ ಹೋದೆ. ಡ್ರೈವರುಗಳಿಗೆಲ್ಲ ನಿಮ್ಮೂರು ಗೊತ್ತು, ನೀವಂತೂ ಇನ್ನೂ ಚೆನ್ನಾಗಿ ಗೊತ್ತು. ಒಬ್ಬರು, "ಆ ಅಜ್ಜಿ ಕೈಯಲ್ಲಿ ಬೈಸ್ಕೊಂಡೇ ನಾವು ದೊಡ್ಡವರಾಗಿದ್ದು" ಎಂದರು, ಏನೋ ಪ್ರಶಸ್ತಿ ಸಿಕ್ಕವರ ಹಾಗೆ. ಆದರೆ ಬರೆದುಕೊಡಿ ಎಂದರೆ ಎಲ್ಲರೂ ಕೈ ಹಿಂದಕ್ಕೆ. ದೊಡ್ಡೂರಿನ ಅಂಚೆ ಕಚೇರಿಗೆ ಫೋನು ಮಾಡಿದೆ. ಅಲ್ಲಿನ ಗುಮಾಸ್ತರು, "ಬೇರೆ ಊರೇ ಕಣಮ್ಮ, ಅದ್ರಲ್ಲೇನಿದೆ? ಅದನ್ನೇನು ಬರೆಯೋದು, ಯಾರಿಗೆ ಗೊತ್ತಿಲ್ಲ?" ಎಂದು ಫೋನಿಟ್ಟರು. ಅಲ್ಲಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಪರೀಕ್ಷೆ ಮುಗಿಯಲಿ ಎಂದರು. ಮುಗಿಯಿತು, ಅವರು ಬರೆಯಲಿಲ್ಲ.

ನಕ್ಷೆಯಕ್ಕನ ಮುಂದೆ ಕೂತು ಅತ್ತುಬಿಟ್ಟೆ. ಅವರು ಪೆನ್ಸಿಲು ಚೂಪು ಮಾಡುತ್ತಾ, "ಗೊತ್ತಿರೋದನ್ನ ಜನ ಬರೆಯೋದಿಲ್ಲ ಕಣೇ. ಯಾರಾದ್ರೂ ತಪ್ಪು ಬರೆದ್ರೆ ಮಾತ್ರ ಪೆನ್ನು ಹುಡುಕ್ತಾರೆ" ಎಂದರು. ಅಷ್ಟು ಹೇಳಿ ಮತ್ತೆ ನದಿ ಬಿಡಿಸಲು ಕೂತರು.

ಆಮೇಲೆ ಆದದ್ದು ಇದು. ಸಭೆಯ ತೀರ್ಮಾನವನ್ನು ಮನೆಯಲ್ಲಿ ಕೂತು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ತೀರ್ಮಾನ ಮಾಡುವ ಹಾಗಿಲ್ಲ, ಟೈಪು ಮಾಡಬಹುದು. ಅದರಲ್ಲಿ ಎರಡು ಖಾನೆಗಳಿವೆ. ಒಂದರಲ್ಲಿ ಸೇರುವ ಊರು, ಇನ್ನೊಂದರಲ್ಲಿ ಸೇರಿಸಿಕೊಳ್ಳುವ ಊರು. ಅದು ಹೇಗಾಯಿತೋ, ಎರಡೂ ಅದಲುಬದಲಾದವು. ಕೀಲಿ ಒತ್ತಿದ್ದೇ ತಡ, ದೊಡ್ಡೂರಿನ ಬ್ಯಾಂಕು, ಪ್ರೌಢಶಾಲೆ, ಆಸ್ಪತ್ರೆ, ವಾರದ ಸಂತೆ, ಎರಡು ಕೆರೆ ಎಲ್ಲ ಮೂರು ತಿರುವು ಹತ್ತಿ ಗುಡ್ಡದ ಮೇಲೆ ಬಂದು ಕೂತವು. ದೊಡ್ಡೂರಿಗೆ ಉಳಿದದ್ದು ಒಂದೇ ಸಾಲು: ಅದರ ಹೆಸರು, "ನೋಡಿ" ಎಂಬ ಬಾಣ, ಬಾಣದ ಮುಂದೆ ನಿಮ್ಮೂರಿನ ಹೆಸರು.

ನಮ್ಮ ಕರಡಿನ ಪದ್ಧತಿ ನಿಮಗೆ ಈಗ ಗೊತ್ತಾಗಿದೆ. ಬೇರೆ ಕೋಶಗಳವರು ಕರಡನ್ನು ಪಂಡಿತರಿಗೆ ಕಳಿಸುತ್ತಾರೆ. ಕತ್ತರಿ ಸರ್ ಊರಿಗೇ ಕಳಿಸುತ್ತಾರೆ. ಪ್ರತಿ ಊರಿನ ಪುಟವನ್ನು ಆ ಊರಿನಲ್ಲಿ ಜನ ಸೇರುವ ಒಂದು ಗೋಡೆಗೆ ಅಂಟಿಸುವುದು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲು ನೇತುಹಾಕುವುದು. ತಪ್ಪು ಕಂಡವರು ಅಂಚಿನಲ್ಲಿ ಬರೆದು ಸಹಿ ಹಾಕಬೇಕು. ಪೆನ್ಸಿಲು ಮರುದಿನವೇ ಮಾಯವಾಗುತ್ತದೆ, ದಾರ ಉಳಿಯುತ್ತದೆ. ಆದರೂ ಜನ ಬರೆಯುತ್ತಾರೆ. ಊರಿನವರೇ ನೋಡುತ್ತಾರಲ್ಲ ಎಂಬ ಧೈರ್ಯಕ್ಕೆ ಚಿಕ್ಕ ಊರುಗಳ ಪುಟಗಳನ್ನು ಕಚೇರಿಯಲ್ಲಿ ಯಾರೂ ಮೊದಲೇ ತಿರುವಿ ನೋಡುವುದಿಲ್ಲ. ಹಾಗಾಗಿ ನಿಮ್ಮ ಪಂಚರ್ ಅಂಗಡಿಯ ಗೋಡೆಗೆ ಪುಟ ತುಂಬ ಬರಹವಿದ್ದ ಕರಡು ಬಂತು. ದೊಡ್ಡೂರಿನ ಅಂಚೆ ಕಚೇರಿಯ ಗೋಡೆಗೆ ಒಂದು ಸಾಲಿನ, ಉಳಿದೆಲ್ಲ ಬೆಳ್ಳಗಿರುವ ಹಾಳೆ ಹೋಯಿತು.

ನಿಮ್ಮ ಮಗನಿಗೆ ನೀವು ಫೋನಿನಲ್ಲಿ ಹೇಳಿದ್ದನ್ನು ಅವರು ನನಗೆ ಹೇಳಿದರು. ನನಗೆ ಹೇಳಬೇಡ ಎಂದಿದ್ದಿರಂತೆ, ಆದರೂ ಹೇಳಿದರು. ನಮಗೆ ಬ್ಯಾಂಕು ಬಂದಿದೆ, ಆಸ್ಪತ್ರೆ ಬಂದಿದೆ, ಎರಡು ಕೆರೆ ಬಂದಿವೆ ಎಂದು ಓದಿ ಓದಿ ನಕ್ಕಿರಂತೆ. ಟೀ ಅಂಗಡಿಯವನು, "ಕೆರೆ ಬಂದಿದೆಯಲ್ಲ, ಇನ್ನು ನೀರು ಹೊರೋ ಹಾಗಿಲ್ಲ" ಎಂದು ಕೊಡ ಕವುಚಿ ಹಾಕಿ ಕೂತನಂತೆ. ವೆಲ್ಡಿಂಗಣ್ಣಾ, "ಆ ಬ್ಯಾಂಕು ಯಾವ ಮನೆಯಲ್ಲಿದೆ ಹೇಳಿ, ಸಾಲ ಕೇಳ್ಬೇಕು" ಎಂದು ಮನೆಮನೆ ಬಾಗಿಲು ಬಡಿದದ್ದು ನೀವೇ ತಾನೇ? ಓದುವಾಗ ಈ ಸಾಲನ್ನು ಹಾರಿಸಬೇಡಿ.

ದೊಡ್ಡೂರಿನಲ್ಲಿ ಮಾತ್ರ ಯಾರೂ ನಗಲಿಲ್ಲ.

ಕರಡುಗಳು ಕಚೇರಿಗೆ ಮರಳಿದ ದಿನ ಕತ್ತರಿ ಸರ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಹಾಳೆಗಳನ್ನು ಹರಡಿದ್ದರು. ಅವರ ಮುಖ ಕೆಂಪಾಗಿತ್ತು. "ಇಷ್ಟು ವರ್ಷದಲ್ಲಿ ಬಾಣ ತಪ್ಪಿದ್ದು ಕಂಡಿದೀನಿ. ಬಾಣ ಉಲ್ಟಾ ಹೊಡೆದಿದ್ದು ಇದೇ ಮೊದಲು. ಏನಮ್ಮಾ ಇದು?" ಎಂದರು. ಕೆಲಸ ಹೋಯಿತು ಎಂದುಕೊಂಡೆ. "ಮಗು ಮಲಗೋದೇ ಇಲ್ಲ ಸರ್, ನಿದ್ದೆ ಇಲ್ಲದೆ ಖಾನೆ ಅದಲುಬದಲಾಗಿದೆ" ಎಂದೆ. ಅವರ ಮುಖ ಸ್ವಲ್ಪ ಇಳಿಯಿತು. ತಮ್ಮ ಮಕ್ಕಳು ಚಿಕ್ಕವರಿದ್ದಾಗ ತಾವೂ ಒಂದು ನದಿಯನ್ನು ಪರ್ವತಗಳ ಪಟ್ಟಿಗೆ ಸೇರಿಸಿದ್ದಾಗಿ ಹೇಳಿದರು. ಕುರ್ಚಿ ತೋರಿಸಿದರು, ನೀರು ತರಿಸಿದರು. ನಕ್ಷೆಯಕ್ಕ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದರು. ನಾನು ನೀರು ಕುಡಿದೆ.

ಆಮೇಲೆ ನಕ್ಷೆಯಕ್ಕ ಎದ್ದು ಬಂದು, "ಸರ್, ಬೈಯೋದು ಆಮೇಲಿರ್ಲಿ. ದೊಡ್ಡೂರಿನವರು ಬರೆದಿದ್ದನ್ನ ಒಂದು ಸಲ ಓದಿ" ಎಂದರು.

ಅತ್ತೆ, ಆ ಬೆಳ್ಳಗಿನ ಹಾಳೆಯಲ್ಲಿ ಬೆರಳಿಡಲು ಜಾಗವಿರಲಿಲ್ಲ. ಸುತ್ತ ನಾಲ್ಕೂ ಅಂಚು, ಹಿಂಬದಿ, ಸಾಲದ್ದಕ್ಕೆ ಪಿನ್ನು ಚುಚ್ಚಿದ ಚೀಟಿಗಳು. ನನಗೆ ಫೋನಿಟ್ಟ ಅಂಚೆ ಗುಮಾಸ್ತರದೇ ಮೊದಲ ಬರಹ: "ಗುಡ್ಡದ ಮೇಲಿನದು ಬೇರೆ ಊರು. ಅಲ್ಲಿಗೆ ಟಪಾಲು ಹಂಚಿ ಮಂಡಿ ಸವೆಸಿಕೊಂಡವನು ಬರೆಯುತ್ತಿದ್ದೇನೆ. ನಮ್ಮನ್ನು ಅವರೊಳಗೆ ಸೇರಿಸಲು ನೀವು ಯಾರು?" ಮುಖ್ಯೋಪಾಧ್ಯಾಯಿನಿಯವರು ಕೆಂಪು ಶಾಯಿಯಲ್ಲಿ ನಮ್ಮ ಬಾಣವನ್ನು ಹೊಡೆದುಹಾಕಿ, "ಎರಡೂ ಪ್ರತ್ಯೇಕ ಊರುಗಳು. ಮೂರನೇ ತರಗತಿಯ ಮಕ್ಕಳಿಗೂ ತಿಳಿದಿದೆ" ಎಂದು ಬರೆದು, ಕೆಳಗೆ ಹತ್ತಕ್ಕೆ ಸೊನ್ನೆ ಹಾಕಿದ್ದರು. ಕ್ಷೌರಿಕ ಬರೆದಿದ್ದ: "ಅವರು ಕೂದಲು ಕತ್ತರಿಸಿಕೊಳ್ಳಲು ಬಂದಾಗ ನಿಮ್ಮೂರಿಗೆ ಬಂದೆವು ಅನ್ನುತ್ತಾರೆ. ನಮ್ಮೂರಿಗೆ ಅನ್ನುವುದಿಲ್ಲ." ವಾಲಿಬಾಲ್ ತಂಡದವರು ಎಲ್ಲರೂ ಸಹಿ ಹಾಕಿ, "ಹೋದ ವರ್ಷ ಅವರ ಕೈಲಿ ಸೋತಿದ್ದೇವೆ. ನಮ್ಮ ಕೈಲಿ ನಾವೇ ಸೋಲಲು ಸಾಧ್ಯವೇ?" ಎಂದು ಕೇಳಿದ್ದರು.

ಇನ್ನೊಂದು ಚೀಟಿಯನ್ನು ಕತ್ತರಿ ಸರ್ ಗಟ್ಟಿಯಾಗಿ ಓದಿದರು. ನೀವು ಕೋಪ ಮಾಡಿಕೊಳ್ಳಬಾರದು. "ಮೇಲಿನ ಪಂಚರ್ ಅಜ್ಜಿ ತನ್ನ ಊರಿನ ಸೈಕಲ್ಲಿಗೆ ಒಂದು ರೇಟು, ನಮ್ಮೂರಿನ ಸೈಕಲ್ಲಿಗೆ ಇನ್ನೊಂದು ರೇಟು ಹಾಕುತ್ತಾಳೆ. ಒಂದೇ ಊರಾಗಿದ್ದರೆ ಹಾಕುತ್ತಿದ್ದಳೇ?" ಅದರ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ "ನನಗೂ", "ನನಗೂ", "ನನಗೆ ಎರಡು ಸಲ" ಎಂದಿತ್ತು.

ಓದಿ ಮುಗಿಸಿ ಸರ್ ಕನ್ನಡಕ ತೆಗೆದರು. ನಕ್ಷೆಯಕ್ಕ ಬಹಳ ಮೆತ್ತಗೆ ಕೇಳಿದರು: "ಸರ್, ಇವ್ರು ಆ ಊರಿನವರಾ?"

"ಅಲ್ಲ."

"ಇವ್ರಿಗೆ ಇದ್ರಿಂದ ಲಾಭ ಇದೆಯಾ?"

"ಲಾಭ ಎಲ್ಲಿಂದ, ಅವಳು ಜಾಸ್ತಿ ದುಡ್ಡು ಕಿತ್ಕೊಳ್ತಿದಾಳಂತಲ್ಲ."

"ಬರವಣಿಗೆಯಲ್ಲಿದೆಯಾ?"

ಸರ್ ಹಾಳೆಯನ್ನು ಇನ್ನೊಮ್ಮೆ ಹಿಂದೆ ಮುಂದೆ ತಿರುವಿ ನೋಡಿದರು. ಕೆಳಗೆ ಯಾರೋ ಮೊಳೆ ಸುರಿದ ಸದ್ದು. ಆಮೇಲೆ ಅವರ ಭುಜ ಅಲುಗತೊಡಗಿತು. ಏನಾಯಿತೋ ಎಂದು ನಾನು ಎದ್ದೆ. ನಗುತ್ತಿದ್ದರು ಅತ್ತೆ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಇಷ್ಟೊಂದು ಜನ ಸಾಕ್ಷಿ ಹೇಳಿದ ಊರು ನಮ್ಮ ಕೋಶದಲ್ಲೇ ಇನ್ನೊಂದಿಲ್ಲ. ಪಟ್ಟಣಗಳಿಗೂ ಇಷ್ಟು ಸಾಕ್ಷಿ ಇಲ್ಲ" ಎಂದರು. ನನಗೆ ಹೊರಗೆ ಹೋಗಲು ಸನ್ನೆ ಮಾಡಿದರು, ನಿಯಮ ನಿಯಮವೇ. ನಾನು ಪಡಸಾಲೆಗೆ ಬಂದು ಬಾಗಿಲಿಗೆ ಕಿವಿಯಿಟ್ಟು ನಿಂತೆ.

ನಿಮ್ಮ ಗೋಡೆಯಿಂದ ಬಂದ ಕರಡನ್ನು ಅವರು ಕೊನೆಗೆ ಓದಿದರು. ಅಷ್ಟು ದೊಡ್ಡ ತಪ್ಪು ತುಂಬಿದ ಪುಟದಲ್ಲಿ ನಿಮ್ಮೂರಿನವರು ಬ್ಯಾಂಕು ನಮ್ಮದಲ್ಲ ಎಂದಿಲ್ಲ, ಆಸ್ಪತ್ರೆ ನಮ್ಮದಲ್ಲ ಎಂದಿಲ್ಲ, ಕೆರೆಗಳನ್ನೂ ಬಿಟ್ಟುಕೊಟ್ಟಿಲ್ಲ. ಒಂದೇ ಒಂದು ತಿದ್ದುಪಡಿ, ಅದೂ ನಿಮ್ಮ ಕೈಬರಹದಲ್ಲಿ: "ಪಂಚರ್ ಅಂಗಡಿ ಬಿಟ್ಟಿದ್ದೀರಿ."

ಈಗ ಸುದ್ದಿ. ನಮೂದು ಅಚ್ಚಿಗೆ ಹೋಗಿದೆ. ನಾನು ಬರೆಯುವಂತಿಲ್ಲವಾದ್ದರಿಂದ ನಕ್ಷೆಯಕ್ಕ ಬರೆದರು. ವೆಲ್ಡಿಂಗಣ್ಣ, ಇದನ್ನು ಎದ್ದು ನಿಂತು ಓದಿ:

"ದೊಡ್ಡೂರಿನ ಮೇಲಿನ ಗುಡ್ಡದ ನೆತ್ತಿಯಲ್ಲಿರುವ ಚಿಕ್ಕ ಊರು. ಕೆಟ್ಟು ನಿಂತ ಲಾರಿಯೊಂದರ ಸುತ್ತ ಬೆಳೆಯಿತು. ಏರು ಹತ್ತಿ ಬಿಸಿಯಾದ ವಾಹನಗಳಿಗೆ ಇಲ್ಲಿ ನೀರು ಸಿಗುತ್ತದೆ. ಪಂಚರ್ ಅಂಗಡಿ ಇದೆ. ದೊಡ್ಡೂರಿಗೆ ಸೇರಿದ್ದಲ್ಲ ಎಂದು ದೊಡ್ಡೂರಿನವರು ಖಚಿತಪಡಿಸಿದ್ದಾರೆ."

ಐದೇ ಸಾಲು. ಅದನ್ನು ಟ್ಯೂಬಿಗೆ ಓದಿ ಹೇಳಿದೆ. ಪಂಚರ್ ಎನ್ನುವ ಮಾತಿಗೆ ಕಿಲಕಿಲ ನಕ್ಕಳು. ನಿಮ್ಮ ಮಗ ಹಾಳೆಯನ್ನು ಕೈಯಲ್ಲಿ ಹಿಡಿದು, ತಾನು ಹುಟ್ಟಿದ ಲಾರಿ ಕೋಶದೊಳಗೆ ಹೋಯಿತಲ್ಲ ಎಂದು ಮನೆ ತುಂಬ ಓಡಾಡಿದರು. ಎರಡನೇ ಮಹಡಿಯ ದರ್ಜಿಗೂ ತೋರಿಸಿ ಬಂದರು. "ನೀನೂ ಬರ್ಕೊ" ಎಂದು ನೀವು ಹೇಳಿದ್ದಕ್ಕೆ ಅವನು ನಿಜವಾಗಿಯೂ ಸೀಮೆಸುಣ್ಣದಲ್ಲಿ ತನ್ನ ಗೋಡೆಯ ಮೇಲೆ ಬರೆದುಕೊಂಡಿದ್ದಾನೆ: "ಅಜ್ಜಿ ಬರುವ ದಿನ," ಅದರ ಮುಂದೆ ಖಾಲಿ ಜಾಗ.

ನನ್ನ ಪಾಲಿನದು ಆಯಿತು. ಇನ್ನು ನಿಮ್ಮ ಮಾತು ನೀವು ಉಳಿಸಿಕೊಳ್ಳಬೇಕು. ಲಿಫ್ಟ್ ರಿಪೇರಿಯವನ ಮನೆಗೇ ಲಿಫ್ಟಿಲ್ಲ ಎಂದು ನೀವು ಆಡಿಕೊಳ್ಳುವ ಆ ಮೂರು ಮಹಡಿಯ ಮೆಟ್ಟಿಲು ಹತ್ತಬೇಕು. ನಡುವೆ ಕೂರಲು ದರ್ಜಿಯ ಬಾಗಿಲಲ್ಲಿ ಸ್ಟೂಲು ಇಡಿಸಿದ್ದೇನೆ. ಇಂಜಿನ್ ಬಿಸಿಯಾದರೆ ಅಲ್ಲಿ ನಿಂತು ನೀರು ಕುಡಿದು ಬನ್ನಿ. ಅಂಗಡಿಯನ್ನು ವೆಲ್ಡಿಂಗಣ್ಣ ನೋಡಿಕೊಳ್ಳಲಿ, ದೊಡ್ಡೂರಿನವರಿಗೆ ಒಂದು ತಿಂಗಳಾದರೂ ಸರಿಯಾದ ರೇಟು ಸಿಗಲಿ.

ನಿಮ್ಮ ಹಾದಿ ನೋಡುತ್ತಾ,
ತಕ್ಕಡಿಯನ್ನು ಮತ್ತೆ ಈರುಳ್ಳಿಯ ಪಕ್ಕಕ್ಕೆ ಇಟ್ಟಿರುವ
ನಿಮ್ಮ ಸೊಸೆ

ಮರೆತ ಮಾತು: ವೆಲ್ಡಿಂಗಣ್ಣ, ಇಲ್ಲಿಗೆ ನಿಲ್ಲಿಸಿ, ಕಾಗದವನ್ನು ಅತ್ತೆಯ ಕೈಗೆ ಕೊಡಿ. ಕನ್ನಡಕ ಅವರ ತಲೆಯ ಮೇಲೇ ಇರುತ್ತದೆ.

ಅತ್ತೆ, ಒಳಗೆ ಹೋಗಿ ಓದಿ. ನೀವು ಅವಸರದಲ್ಲಿ ಬಿಟ್ಟುಹೋದ ಸ್ವೆಟರ್ ಬಾಗಿಲ ಹಿಂದೆಯೇ ಇತ್ತು. ಆ ಖಾನೆಗಳನ್ನು ತುಂಬಬೇಕಾಗಿದ್ದ ದಿನ, ಬೇರೇನೂ ತೋಚದೆ, ಅದನ್ನು ತೊಟ್ಟಿಲ ಕಂಬಿಗೆ ಕಟ್ಟಿದೆ. ಮುಖಕ್ಕೆ ತಾಗದ ಹಾಗೆ, ದೂರದಲ್ಲಿ. ರಬ್ಬರ್ ಅಂಟಿನ ವಾಸನೆ ಇನ್ನೂ ಇದೆ ಅದರಲ್ಲಿ. ಟ್ಯೂಬು ಮೂಗು ಅರಳಿಸಿ ಎರಡು ಸಲ ಮೂಸಿ ನೋಡಿದಳು, ಮಧ್ಯಾಹ್ನವಿಡೀ ಮಲಗಿದಳು. ನಾನೂ ಪಕ್ಕದಲ್ಲಿ ಬಿದ್ದುಕೊಂಡೆ. ಬೆರಳು ಹಿಡಿದು ಉಸಿರು ನೋಡಲಿಲ್ಲ. ಮಗು ಹುಟ್ಟಿದ ಮೇಲೆ ಅಂಥ ನಿದ್ದೆ ಬಂದದ್ದು ಅದೊಂದೇ ದಿನ. ಎದ್ದು ಮುಖ ತೊಳೆದು, ಟೀ ಕುಡಿದು, ನಕ್ಷೆಯಕ್ಕನ ಮಾತನ್ನು ಇನ್ನೊಮ್ಮೆ ನೆನೆದು, ಆಮೇಲೆ ಕಂಪ್ಯೂಟರಿನ ಮುಂದೆ ಕೂತೆ.

ನಿದ್ದೆಗಣ್ಣು ಅಂತ ಕಚೇರಿಯಲ್ಲಿ ಹೇಳಿದ್ದೇನೆ, ನೀವೂ ಹಾಗೇ ಹೇಳಿ. ಸ್ವೆಟರ್‌ನ ವಾಸನೆ ಈಗ ಕಡಿಮೆಯಾಗುತ್ತಿದೆ. ಬೇಗ ಬನ್ನಿ.